ಹಗಲು ಬೆಳಕಿನ ಹಲ್ಲು

ಮಾರ್ಚ್ 3, ಸೋಮವಾರ

ಫರ್ನೇಸ್ ಬಿಸಿಯಾಗುವಷ್ಟರಲ್ಲಿ ಬೆಂಚು ಒರೆಸಿದೆ. ಇವತ್ತು ಹಲ್ಲಿಗೆ ತೊಡಿಸುವ ನಾಲ್ಕು ಕ್ಯಾಪ್. ಮೂರು ದವಡೆ ಹಲ್ಲಿನವು, ಒಂದು ಕೋರೆಹಲ್ಲು. ಪಿಂಗಾಣಿ ಪುಡಿ ಕಲಸಿ, ಬ್ರಷ್ಷಿನಲ್ಲಿ ಪದರದ ಮೇಲೆ ಪದರ ಏರಿಸಿ ಸುಟ್ಟೆ. ಕೋರೆಹಲ್ಲಿನ ತುದಿ ಬಿರಿಯಿತು. ಮತ್ತೆ ಮಾಡಿದೆ.

ಇವರ ಸ್ಟೂಲಿನ ಮೇಲೆಯೇ ಕೂರುತ್ತಿದ್ದೇನೆ. ಇವರ ಉದ್ದ ಕಾಲಿಗೆ ತಕ್ಕ ಎತ್ತರ. ನನ್ನ ಪಾದ ನೆಲ ಮುಟ್ಟುವುದಿಲ್ಲ, ಸಂಜೆಗೆ ಊದಿಕೊಳ್ಳುತ್ತದೆ. ಡಾಕ್ಟರು ನೋಡಿ, "ಕೆಳಗೆ ತಿರುಪು ಇದೆಯಲ್ಲಮ್ಮ, ತಗ್ಗಿಸಿಕೊಳ್ಳಿ" ಎಂದರು. ಹೂಂ ಎಂದೆ.

ಕೆಳಗೆ ಅವರ ಕ್ಲಿನಿಕ್, ಮೇಲೆ ಅವರದೇ ಈ ಲ್ಯಾಬ್. ಇವರನ್ನು ವೀಸಾ ಮಾಡಿಸಿ ಈ ಪರದೇಶಕ್ಕೆ ಕರೆಸಿಕೊಂಡವರೂ ಅವರೇ. ನಾನು ಹೆಂಡತಿ ಎಂದು ಹಿಂದೆ ಬಂದವಳು. ಊರಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಲ್ಲು ಮಾಡಲು ಕಲಿತೆವು. ಇಲ್ಲಿಯೂ ಇವರ ಪಕ್ಕದಲ್ಲೇ ಅರ್ಧ ದಿನದ ಕೆಲಸ. ಆದರೂ ಪಾಸ್‌ಪೋರ್ಟಿನಲ್ಲಿ ನಾನು ಅವಲಂಬಿತೆ. ಈಗ ಇವರಿಲ್ಲ. ಯಾರ ಅವಲಂಬಿತೆ?... ಏಪ್ರಿಲ್ ಮೂವತ್ತರವರೆಗೆ ಇರಬಹುದಂತೆ. ಅಷ್ಟರೊಳಗೆ ಡಾಕ್ಟರು ನನ್ನ ಹೆಸರಿಗೇ ಕೆಲಸದ ವೀಸಾ ಅರ್ಜಿ ಹಾಕಬೇಕು.

"ಹಾಕ್ತೀನಮ್ಮ. ಅದರಲ್ಲೇನಿದೆ" ಎಂದಿದ್ದಾರೆ.

ಮಾರ್ಚ್ 5, ಬುಧವಾರ

ಅದರಲ್ಲೇನಿದೆ ಎಂದು ಇವತ್ತು ಗೊತ್ತಾಯಿತು. ವೀಸಾ ವಕೀಲರ ಫೋನ್. ಡಾಕ್ಟರು ಸ್ಪೀಕರ್ ಹಾಕಿದರು.

"ನೇರವಾಗಿ ಕೊಡೋ ಹಾಗಿಲ್ಲ ಸಾರ್. ಮೊದಲು ಜಾಹೀರಾತು ಹಾಕಬೇಕು. ನಾಲ್ಕು ವಾರ. ಈ ದೇಶದವರು ಯಾರೂ ತಕ್ಕವರು ಸಿಗಲಿಲ್ಲ ಅಂತ ತೋರಿಸಬೇಕು."

"ಕೆಲಸ ಮಾಡೋರು ಎದುರಿಗೇ ಕೂತಿದಾರಲ್ರೀ."

"ಅವರು ಕೂತಿಲ್ಲ ಅಂದ್ಕೊಳ್ಳಿ ಸಾರ್."

ಕೂತಿದ್ದೆ. ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟರೆ ಸದ್ದಾದೀತೆಂದು ಕೈಯಲ್ಲೇ ಹಿಡಿದುಕೊಂಡೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮಾರ್ಚ್ 10, ಸೋಮವಾರ

ಜಾಹೀರಾತು ಬಂದಿದೆ. ಪಿಂಗಾಣಿ ಹಲ್ಲಿನ ಕೆಲಸದಲ್ಲಿ ಎಂಟು ವರ್ಷದ ಅನುಭವ, ಮುಂದಿನ ಹಲ್ಲುಗಳ ಬಣ್ಣ ಹೊಂದಿಸುವಲ್ಲಿ ಪರಿಣತಿ... ವಕೀಲರು ನನ್ನ ಅಳತೆ ತೆಗೆದು ಹೊಲಿದ ಅಂಗಿ. ಆದರೂ ಇನ್ನೊಬ್ಬರ ಮೈಗೆ ಸರಿಹೋದರೆ?

ಕೆಲಸ ಸಿಗಲಿ ಎಂದು ಬೇಡಿಕೊಳ್ಳುವವರನ್ನು ಕಂಡಿದ್ದೇನೆ. ಯಾರೂ ಬರದಿರಲಿ ಎಂದು ಬೇಡುವವಳು ನಾನೊಬ್ಬಳೇ ಇರಬೇಕು. ಬಾಗಿಲು ಸದ್ದಾದರೆ ಬ್ರಷ್ ಕೆಳಗಿಟ್ಟು ಮೆಟ್ಟಿಲ ಕಡೆ ನೋಡುತ್ತೇನೆ. ಬಂದದ್ದು ಕೊರಿಯರ್‌ನವನು.

ಮಾರ್ಚ್ 16, ಭಾನುವಾರ

ಅಣ್ಣನ ಫೋನ್.

"ಏನ್ ಪುಟ್ಟಿ, ಆಯ್ತಾ ನಿನ್ನ ಕಾಗದ?"

"ಇಲ್ಲಣ್ಣ."

"ಅವರ ಕಾಲು ಹಿಡಿದುಕೊಂಡು ಎಷ್ಟು ದಿನ ಇರ್ತೀಯ? ಬಂದ್ಬಿಡು. ನಿಮ್ಮತ್ತಿಗೆಗೂ ಮನೇಲಿ ಕೈಗೊಬ್ಬರು ಬೇಕು. ನಿಂದೇನು, ಒಂದು ಹೊಟ್ಟೆ."

ಒಂದು ಹೊಟ್ಟೆ, ಎರಡು ಕೈ. ಕೈಯ ಲೆಕ್ಕ ಮೊದಲು ಹೇಳಿದ.

ಅಣ್ಣ ಕೆಟ್ಟವನಲ್ಲ. ಅತ್ತಿಗೆಯೂ ಅಲ್ಲ. ಇವರ ಕಾರ್ಯಕ್ಕೆ ಊರಿಗೆ ಹೋದಾಗ ಮನೆಗೆ ಬಂದ ನೆಂಟರಿಗೆ ಅತ್ತಿಗೆ, "ಪಾಪ, ಇನ್ನು ನಮ್ಮ ಜೊತೇಲೇ ಇರ್ತಾಳೆ" ಎಂದು ಪರಿಚಯ ಮಾಡಿಸಿದರು. ಹೆಸರು ಹೇಳಲಿಲ್ಲ. ಕಸುಬು ಹೇಳಲಿಲ್ಲ. ನೆಂಟರೂ ಕೇಳಲಿಲ್ಲ. ಆ ಮನೆಯಲ್ಲಿ ನನ್ನ ಉಳಿದ ಆಯಸ್ಸೆಲ್ಲ ಆ ಒಂದು ಮಾತಿನಲ್ಲಿ ಮುಗಿದುಹೋಯಿತು.

ಫೋನಿಟ್ಟ ಮೇಲೆ ಇವರ ಮೇಲೆ ಸಿಟ್ಟು ಬಂತು. ತೀರಿಕೊಂಡ ದಿನ ಎದೆ ಹಿಡಿದುಕೊಂಡಿದೆ ಎಂದರೂ ಬೆಂಚು ಬಿಟ್ಟು ಏಳಲಿಲ್ಲ. "ಗ್ಯಾಸ್ ಇರ್ಬೇಕು. ಇದೊಂದು ಹೊಳಪು ಮುಗಿಸ್ತೀನಿ ತಡಿ." ಯಾರದೋ ಬಾಯಿಯ ಹಲ್ಲಿನ ಹೊಳಪು... ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಆದೆ. ಇವರ ಚಪ್ಪಲಿ ಎತ್ತಿ ಮೂಲೆಗೆಸೆದೆ. ಆಮೇಲೆ ಹೋಗಿ ಜೋಡಿಸಿಟ್ಟೆ.

ಮಾರ್ಚ್ 27, ಗುರುವಾರ

ಒಂದು ಅರ್ಜಿ ಬಂದಿದೆ. ನಮ್ಮ ಕಡೆಯವರ ಮಗಳು, ಆದರೆ ಹುಟ್ಟಿದ್ದು ಇಲ್ಲೇ, ಈ ದೇಶದವಳೇ. ಇದ್ದ ಲ್ಯಾಬ್ ಮುಚ್ಚಿಹೋಗಿದೆಯಂತೆ. ಅನುಭವ ಒಂಬತ್ತು ವರ್ಷ.

"ಹೆದರಬೇಡಿ" ಎಂದರು ಡಾಕ್ಟರು. "ಕಷ್ಟದ ಕೇಸ್ ಕೊಡೋಣ. ಒಬ್ಬ ಬಸ್ ಡ್ರೈವರ್ ಇದಾನೆ, ಮೇಲ್ಗಡೆ ಮುಂದಿನ ಹಲ್ಲು ಒಂದು ಮುರಿದು ಬುಡ ಮಾತ್ರ ಉಳಿದಿದೆ. ಅವಳೂ ಮಾಡ್ಲಿ, ನೀವೂ ಮಾಡಿ."

ಮುಂದಿನ ಒಂಟಿ ಹಲ್ಲಿಗಿಂತ ಕಷ್ಟದ್ದಿಲ್ಲ. ಪಕ್ಕದ ಹಲ್ಲು ದೇವರು ಮಾಡಿದ್ದು, ಅದರ ಜೊತೆ ನಿಲ್ಲಬೇಕು. ಇವರು ಹೇಳುತ್ತಿದ್ದರು — ಬಾಯಿಗೆ ಹೋದ ಮೇಲೆ ಯಾವುದು ನಮ್ಮದೆಂದು ನಮಗೇ ಕಾಣಬಾರದು.

ನನ್ನ ಕಣ್ಣ ಮೇಲೆ ನನಗೆ ನಂಬಿಕೆ ಇದೆ. ಇದೊಂದು ಇದೆ.

ಮಾರ್ಚ್ 31, ಸೋಮವಾರ

ಹೊಸಬಳು ಬಂದಳು. ನನಗಿಂತ ಚಿಕ್ಕವಳು. ಬ್ಯಾಗಿನಲ್ಲಿ ತನ್ನದೇ ಬ್ರಷ್ಷುಗಳು, ಹಳೇ ಬಟ್ಟೆಯಲ್ಲಿ ಸುತ್ತಿದವು. ಕೆಲಸ ಬಾರದವರು ಬ್ರಷ್ಷನ್ನು ಹಾಗೆ ಸುತ್ತುವುದಿಲ್ಲ.

ಡ್ರೈವರ್ ಕೂಡ ನಮ್ಮ ಕಡೆಯವನೇ, ಮಾತುಗಾರ. "ಇಬ್ಬಿಬ್ಬರು ಸೇರಿ ಒಂದು ಹಲ್ಲಾ? ನಮ್ಮ ಡಿಪೋದಲ್ಲಿ ಒಂದು ಟೈರ್ ಬದಲಾಯಿಸೋಕೂ ಇಬ್ಬರು ಸಿಗಲ್ಲ ತಾಯಿ."

"ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರಲ್ಲ. ಹಲ್ಲು ನಾವು ಕೊಡ್ತೀವಿ. ಕಡಲೆ ಕೇಳ್ಬೇಡಿ" ಎಂದೆ. ಇದು ಇವರ ಜೋಕು. ನನ್ನ ಬಾಯಿಂದ ಹೇಗೆ ಬಂತೋ. ಹೊಸಬಳು ನಕ್ಕಳು.

ಅತಿಥಿ ಎಂದು ಅವಳಿಗೇ ಮೊದಲು ಬಿಟ್ಟೆ. ಕಿಟಕಿಯ ಹತ್ತಿರ ನಿಲ್ಲಿಸಿ, ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ತುಟಿ ಎಳೆದು ಹಿಡಿಸಿ ಫೋಟೊ ತೆಗೆದಳು. ಬಹಳ ಹೊತ್ತು. ನನ್ನ ಸರದಿ ಬಂದಾಗ ಡ್ರೈವರ್ ಗಡಿಯಾರ ನೋಡುತ್ತಿದ್ದ. ಬೇಗ ಬೇಗ ನೋಡಿ ಬಣ್ಣ ಬರೆದುಕೊಂಡು ಕಳಿಸಿದೆ.

ಅವಳು ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಅಕ್ಕ, ಜಾಹೀರಾತು ಓದಿದಾಗಲೇ ಗೊತ್ತಾಯ್ತು, ಇದು ಯಾರಿಗೋ ಅಂತ ಬರೆದದ್ದು" ಎಂದಳು.

ಮೆಟ್ಟಿಲ ದೀಪ ಹಾಕಿದೆ.

"ಆದ್ರೂ ಬಂದೆ. ನನಗೂ ಕೆಲಸ ಬೇಕಲ್ಲಕ್ಕ."

ಏಪ್ರಿಲ್ 2, ಬುಧವಾರ

ಎರಡು ಹಲ್ಲೂ ತಟ್ಟೆಯಲ್ಲಿ. ಅವಳದು ಸ್ವಲ್ಪ ಮಂಕು, ಬುಡದಲ್ಲಿ ಜೇನಿನ ಬಣ್ಣ, ತುದಿಯಲ್ಲಿ ಕೂದಲೆಳೆಯಂಥ ಒಂದು ಗೀರು. ಪಕ್ಕದ ಹಲ್ಲಿನಲ್ಲಿರುವ ಗೀರೇ. ನನ್ನದು ಬೆಳ್ಳಗೆ. ಚೆಂದವಾಗಿ, ಬೆಳ್ಳಗೆ.

ಕಿಟಕಿಗೆ ಒಯ್ದು ನೋಡುತ್ತಲೇ ತಿಳಿಯಿತು.

ಬಾಯಿ ತೆರೆದೇ ಇದ್ದರೆ ಹಲ್ಲು ಒಣಗುತ್ತದೆ. ಒಣಗಿದ ಹಲ್ಲು ಬಿಳಿಚಿಕೊಳ್ಳುತ್ತದೆ. ಮತ್ತೆ ಎಂಜಲಲ್ಲಿ ನೆನೆದು ತನ್ನ ಬಣ್ಣಕ್ಕೆ ಬರುವವರೆಗೆ ಕಾಯಬೇಕು. ಕಸುಬಿನಲ್ಲಿ ಮೊದಲ ದಿನದ ಪಾಠ. ಅವಳು ಅಷ್ಟು ಹೊತ್ತು ಬಾಯಿ ತೆರೆಸಿದ ಮೇಲೆ ನಾನು ಹೋಗಿ ಒಣಹಲ್ಲಿಗೆ ಬಣ್ಣ ಹೊಂದಿಸಿ ಬಂದಿದ್ದೇನೆ. ಕಾಯಿರಿ ಎಂದು ಒಂದು ಮಾತು ಹೇಳಲಾರದೆ ಹೋದೆ. ನನ್ನ ಸಂಕೋಚಕ್ಕೆ ಬೆಂಕಿ ಬೀಳಲಿ.

ಡಾಕ್ಟರು ಟ್ಯೂಬ್‌ಲೈಟ್ ಕೆಳಗೆ ನಿಂತು ನನ್ನದನ್ನೇ ಎತ್ತಿಕೊಂಡರು.

"ಇದೇ ಹಾಕ್ತೀನಿ. ಬಿಳುಪು ಯಾರಿಗೆ ಬೇಡ?"

"ಡಾಕ್ಟ್ರೇ, ಅದು..."

"ನೀವು ಏನೂ ಹೇಳಬೇಡಿ. ಸುಮ್ಮನಿರೋದು ನಿಮಗೆ ಬರುತ್ತಲ್ಲ."

ಬರುತ್ತದೆ. ಡ್ರೈವರನ್ನು ಕರೆಸಿ ತಾತ್ಕಾಲಿಕ ಸಿಮೆಂಟಿನಲ್ಲಿ ಕೂರಿಸಿ ಕಳಿಸಿದರು. ಅವಳ ಹಲ್ಲನ್ನು ಡಬ್ಬಿಗೆ ಹಾಕಿ ನನ್ನ ಡ್ರಾಯರಿನಲ್ಲಿಟ್ಟೆ.

ಏಪ್ರಿಲ್ 8, ಮಂಗಳವಾರ

ನಾಲ್ಕು ವಾರ ಮುಗಿಯಿತು. ಬೇರೆ ಅರ್ಜಿ ಇಲ್ಲ. ವಕೀಲರಿಂದ ಒಂದು ಹಾಳೆ ಬಂದಿದೆ — ಬಂದ ಅಭ್ಯರ್ಥಿಯ ಕೆಲಸ ಮಟ್ಟಕ್ಕೆ ತಕ್ಕುದಲ್ಲ, ಎಂದು. ಕೆಳಗೆ ಡಾಕ್ಟರ ಸಹಿ ಆಗಿದೆ. ಪರೀಕ್ಷಿಸಿದವರು ಎಂಬಲ್ಲಿ ನನ್ನದಾಗಬೇಕು. ಲ್ಯಾಬಿನಲ್ಲಿ ಬೇರೆ ಯಾರಿದ್ದಾರೆ?

"ಒಂದು ಗೀಟು ಎಳೀರಿ. ಶುಕ್ರವಾರ ಫೈಲ್ ಹೋಗ್ಲಿ."

ಪೆನ್ನು ಸಿಗುತ್ತಿಲ್ಲ ಎಂದೆ. ಜೇಬಿನಲ್ಲಿತ್ತು.

ಏಪ್ರಿಲ್ 9

ಅವಳು ಬರದೇ ಇದ್ದಿದ್ದರೆ. ಅಥವಾ ಬಂದವಳು ಚೆನ್ನಾಗಿ ಮಾಡದೇ ಇದ್ದಿದ್ದರೆ. ಅಥವಾ ಈ ಕಾನೂನು ಬರೆದ ಪುಣ್ಯಾತ್ಮನ ಮುಂದಿನ ಹಲ್ಲೊಂದು ಉದುರಿ ನನ್ನ ಬೆಂಚಿಗೇ ಬಂದಿದ್ದರೆ...

ಅನ್ನ ಸೀದುಹೋಯಿತು. ಅದನ್ನೇ ಉಂಡೆ.

ಏಪ್ರಿಲ್ 11, ಶುಕ್ರವಾರ

ಬೆಳಿಗ್ಗೆಯೇ ಡ್ರೈವರ್ ಬಂದ. ಮಾತುಗಾರ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದ.

"ತಾಯಿ, ಬೇಜಾರು ಮಾಡ್ಕೋಬೇಡಿ. ಇದೊಂದು ಹಲ್ಲು ನನಗಿಂತ ಮುಂಚೆ ಬಸ್ ಇಳೀತದೆ. ನನ್ನ ಹೆಂಡ್ತಿ ನಗ್ತಾಳೆ. ಹೋಗಲಿ ಅಂದ್ರೆ ಡಿಪೋದಲ್ಲೂ ನಗ್ತಾರೆ. ನಾನು ನಗೋದು ಬಿಟ್ಟಿದೀನಿ."

ಕೈ ತೆಗೆಸಿದೆ. ಹಗಲು ಬೆಳಕಿನಲ್ಲಿ ನನ್ನ ಹಲ್ಲು ಸುಣ್ಣ ಬಳಿದ ಗೋಡೆಯ ಹಾಗಿತ್ತು. ಒಬ್ಬ ಮನುಷ್ಯನ ಮುಖದ ನಡುವೆ.

ಹೊಸದು ಮಾಡಿಕೊಡಬಹುದಿತ್ತು. ಎರಡು ದಿನದ ಕೆಲಸ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಡ್ರಾಯರ್ ಎಳೆದು ಡಬ್ಬಿ ತೆಗೆದೆ.

ಡಾಕ್ಟರು ಕೂರಿಸಿದರು. ಬಾಯಿ ಮುಚ್ಚಿಸಿ, ನಾಲಗೆ ಸವರಿಸಿ, ಕಿಟಕಿಗೆ ತಿರುಗಿಸಿದೆ. ಹಲ್ಲು ಕಾಣಲಿಲ್ಲ. ಒಂದು ಕ್ಷಣ ಯಾವುದೆಂದು ನಾನೇ ಹುಡುಕಿದೆ. ಡ್ರೈವರ್ ಕನ್ನಡಿ ನೋಡಿದ, ಹಲ್ಲೆಲ್ಲ ಬಿಟ್ಟು ನಕ್ಕ.

ಇವರು ಇದ್ದಿದ್ದರೆ ಅವಳನ್ನು ಕರೆದು ಬೆನ್ನು ತಟ್ಟುತ್ತಿದ್ದರು.

ಅವನು ಹೋದ ಮೇಲೆ ಡಾಕ್ಟರು ಮೇಲೆ ಬಂದರು. "ನನಗೂ ಕಣ್ಣಿದೆಯಮ್ಮ. ಆ ದಿನವೇ ಗೊತ್ತಿತ್ತು. ಹಲ್ಲು ಅವಳದೇ ಇರ್ಲಿ. ಹಾಳೆ ಹಾಗೇ ಹೋಗ್ಲಿ. ಸಹಿ ಹಾಕಿ."

"ಅವಳ ಕೆಲಸ ಚೆನ್ನಾಗಿದೆ."

"ನಿಮ್ಮದೂ ಚೆನ್ನಾಗಿದೆ. ಅವಳಿಗೆ ಬೇರೆ ಕಡೆ ಸಿಗುತ್ತೆ. ನಿಮಗೆ?"

ಹಾಳೆ ಎತ್ತಿ ನೋಡಿದೆ. ನನ್ನ ಸಹಿಯಲ್ಲಿ ಇವರ ಹೆಸರೂ ಇದೆ. ಆ ಹಲ್ಲು ಮಟ್ಟಕ್ಕೆ ತಕ್ಕುದಲ್ಲ ಎಂದು ಇವರ ಹೆಸರು ಹೇಗೆ ಬರೆಯಲಿ?

"ಆಗಲ್ಲ ಡಾಕ್ಟ್ರೇ."

"ಹಠ."

"ಹೂಂ."

ಬಾಗಿಲು ಹಾಕಿಕೊಂಡು ಇಳಿದುಹೋದರು.

ಏಪ್ರಿಲ್ 12

ಒಳ್ಳೆಯದು ಮಾಡಿದೆ ಎಂದು ಒಂದು ಚೂರೂ ಅನ್ನಿಸುತ್ತಿಲ್ಲ. ಮೈಯೆಲ್ಲ ಸಿಟ್ಟು. ಅಣ್ಣನಿಗೆ ಫೋನ್ ಮಾಡಿ ಬರ್ತೀನಿ ಎಂದೆ. ಖುಷಿಪಟ್ಟ.

ಏಪ್ರಿಲ್ 21, ಸೋಮವಾರ

ಅವಳು ಕೆಲಸಕ್ಕೆ ಸೇರಿದಳು. ಮೂವತ್ತರವರೆಗೆ ನಮ್ಮ ಪುಡಿ, ಫರ್ನೇಸ್ ಎಲ್ಲ ಪರಿಚಯ ಮಾಡಿಸಿ ಎಂದಿದ್ದಾರೆ ಡಾಕ್ಟರು. ಅಡಿಗೆಮನೆ ಒಪ್ಪಿಸಿಕೊಡುವ ಹಾಗೆ ಒಂದೊಂದೇ ಡಬ್ಬಿ ತೋರಿಸಿದೆ. ಈ ಫರ್ನೇಸಿನ ಬಾಗಿಲು ಎಡಗೈಯಿಂದ ಎತ್ತು, ಬಲಗೈಯಿಂದ ಎತ್ತಿದರೆ ಸಿಕ್ಕಿಕೊಳ್ಳುತ್ತದೆ ಎಂದೆ. ಎಲ್ಲಕ್ಕೂ "ಸರಿ ಅಕ್ಕ". ನೆಲ ನೋಡುತ್ತಲೇ ಇದ್ದಳು. ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೂ ಆಸ್ಪದ ಕೊಡಲಿಲ್ಲ.

"ಎಲ್ಲಿ ಕೂರಲಕ್ಕ?"

ಇರುವುದೊಂದೇ ಕಿಟಕಿ, ಅದರ ಹತ್ತಿರ ಇವರ ಸ್ಟೂಲು. ಸ್ಟೂಲಿನಿಂದ ಇಳಿದೆ. ಕೂತ್ಕೋ ಎಂದೆ.

ಕೂತಳು. ಅವಳ ಕಾಲೂ ತೂಗಾಡಿತು. "ತುಂಬ ಎತ್ತರ ಅಲ್ವಾ ಅಕ್ಕ? ಇಷ್ಟು ದಿನ ಹೇಗೆ ಕೂತ್ರಿ?"

ಏಳಲು ಹೇಳಿ ಬಗ್ಗಿದೆ. ತಿರುಪು ಇವರು ಬಿಗಿದದ್ದು. ಆಮೇಲೆ ಯಾರೂ ಮುಟ್ಟಿಲ್ಲ. ಪಿಂಗಾಣಿ ಪುಡಿ ಕೂತು ಗಟ್ಟಿಯಾಗಿತ್ತು. ಸೆರಗಿನಿಂದ ಒರೆಸಿದೆ. ತಿರುಗಿಸಿದೆ, ಬರಲಿಲ್ಲ. "ಬಿಡಿ ಅಕ್ಕ, ನಾನು ಮಾಡ್ತೀನಿ" ಎಂದು ಬಗ್ಗಿದಳು. ಬೇಡ, ನಾನೇ ಎಂದೆ. ಎರಡೂ ಕೈ ಹಾಕಿ ಹಿಡಿದೆ. ಸ್ವಲ್ಪ ಅಲುಗಿತು. ಇನ್ನೊಂದು ಸಲ ತಿರುಗಿಸಿದೆ, ಸ್ಟೂಲು ತಗ್ಗಿತು.