ಆಕಾಶದ ನೀರು ಒಡೆಯುವ ಜಾಗ

ಸ್ವಾರ್ತ್‌ಗಿಲ್ ಮನೆ,
ಹೆಸ್ಕರ್ ಗುಡ್ಡದ ಬುಡ.
ಮಂಗಳವಾರ, ೫ ನವೆಂಬರ್ ೧೯೭೪

ಪ್ರಿಯ ಲ್ಯಾಂಟಿ,

‘ಪ್ರಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ. ಹೊಡೆದುಹಾಕಿದರೆ ಕಾಗದ ಅಂದಗೆಡುತ್ತದೆಂದು ಬಿಟ್ಟಿದ್ದೇನೆ. ಅವತ್ತು ನಾನು ಬಾಗಿಲಾಚೆ ಎಸೆದ ಬೂಟುಗಳಲ್ಲಿ ಒಂದನ್ನು ನೀನು ಇಲ್ಲೇ ಬಿಟ್ಟುಹೋಗಿದ್ದೀಯ. ಕೆಂಡಲ್ ಪೇಟೆಯಲ್ಲಿ ಒಂಟಿ ಬೂಟಿನಲ್ಲಿ ಕುಂಟುತ್ತಿದ್ದರೆ ಕುಂಟು, ನನಗೇನು.

ಮುದುಕ ಜೋಬ್ ಹೋಗಿಬಿಟ್ಟ. ನಿನ್ನೆ ಮಣ್ಣು ಮಾಡಿ ಬಂದೆವು. ನಾಡಿದ್ದು ಗುರುವಾರ ಶಾಲೆಯಲ್ಲಿ ಗುಡ್ಡದ ಮೇವಿನ ಹಕ್ಕಿನ ವಿಚಾರಣೆ, ನಮ್ಮ ಕಡೆಗಿದ್ದ ಸಾಕ್ಷಿ ಅವನೊಬ್ಬನೇ. ಆಚೆ ಕಣಿವೆಯ ಎಸ್ಟೇಟಿನವರ ಕಡೆ ನೀನಿದ್ದೀಯ, ನೀನು ಬರೆದುಕೊಟ್ಟ ನಕ್ಷೆಯಿದೆ. ಅವರು ಗೆದ್ದರೆ ಮೇಲಿನ ಹುಲ್ಲೆಲ್ಲ ಅವರ ಬೇಟೆಯ ಹಕ್ಕಿಗಳ ಪಾಲು, ನನ್ನ ಕುರಿಗಳು ಸಂತೆಯ ಪಾಲು. ಆ ಮಂದೆ ಒಮ್ಮೆ ಚದುರಿದರೆ ಮುಗಿಯಿತು. ಬೇಲಿಯಿಲ್ಲದ ಗುಡ್ಡದಲ್ಲಿ ತನ್ನ ಮೇವಿನ ನೆಲ ಯಾವುದೆಂದು ತಾಯಿ ಮರಿಗೆ ಕಲಿಸುತ್ತದೆ, ಆ ಮರಿ ತನ್ನ ಮರಿಗೆ. ಹೊಸ ಕುರಿ ತಂದುಬಿಟ್ಟರೆ ವಾರದೊಳಗೆ ಸ್ಕಾಟ್ಲೆಂಡಿನ ದಾರಿ ಹಿಡಿಯುತ್ತವೆ. ದೊಣ್ಣೆ ಹಿಡಿದು ಅಟ್ಟಿದ ಕುರಿ ಗುಡ್ಡದಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಿನಗೂ ಹೇಳಿದ್ದ.

ಹದಿನೈದು ದಿನದ ಹಿಂದೆ ವಿಚಾರಣೆ ನಡೆಸುವ ಕಮಿಷನರ್ ಸಾಹೇಬರು ಜಾಗ ನೋಡಲು ಬಂದಿದ್ದರು. ಸುಳಿಗಾಳಿ, ಮಂಜು. ಎಸ್ಟೇಟಿನ ವಕೀಲ ಸ್ಕೇಫ್ ನಾವು ಗಡಿಯೆಂದು ನಂಬಿದ ಬೂದುಗಲ್ಲಿನ ಪಕ್ಕ ನಿಂತು ಇನ್ನೂರು ವರ್ಷದ ಗಡಿಪತ್ರವನ್ನು ಮಂತ್ರದಂತೆ ಓದಿದ: ‘ಅಲ್ಲಿಂದ ಮುಂದೆ, ಆಕಾಶದ ನೀರು ಒಡೆದು ಎರಡು ಕಣಿವೆಗೆ ಪಾಲಾಗುವಲ್ಲಿ ಗಡಿ.’ ಕಲ್ಲಿನ ಹೆಸರು ಅದರಲ್ಲಿಲ್ಲ. ಆಮೇಲೆ ಫ್ಲಾಸ್ಕಿನ ಚಹಾವನ್ನು ಕಲ್ಲಿನ ಬುಡಕ್ಕೆ ಸುರಿದ. ಒಂದು ಹನಿಯೂ ನಮ್ಮ ಕಡೆ ತಿರುಗಲಿಲ್ಲ, ಎಲ್ಲ ಪಕ್ಕದ ಹಳ್ಳಕ್ಕೇ ಇಳಿದು ಮೂಡಣಕ್ಕೆ, ಅವರ ಕಣಿವೆಗೆ ಹೋಯಿತು. ನೀರು ಅಲ್ಲಿ ಒಡೆಯುವುದಿಲ್ಲವೆಂದಾದರೆ ಗಡಿ ಕಲ್ಲಿನಿಂದ ಈಚೆಗೆ ಸರಿದು ನಮ್ಮ ಹುಲ್ಲೆಲ್ಲ ಅವರದಾಗುತ್ತದೆ.

“ನೋಡಿ ಸಾರ್, ಚಹಾಕ್ಕೂ ಗೊತ್ತು ಯಜಮಾನ ಯಾರು ಅಂತ” ಅಂದ.

ಜೋಬ್ ಕೋಲೂರಿಕೊಂಡು ಮೇಲೆ ಬಂದಿದ್ದ, ಬೇಡವೆಂದರೂ ಕೇಳದೆ. “ಅದು ಹಳ್ಳ ಅಲ್ಲ ಕಣಯ್ಯಾ, ನಿಮ್ಮೋರೇ ತೋಡಿದ ಕಾಲುವೆ. ನಕ್ಷೇಲಿ ನೀಲಿ ಗೀಟು ಎಳೆದ್ರೆ ಚರಂಡಿ ಗಂಗೆ ಆಗ್ತದಾ? ವಿಚಾರಣೆ ದಿನ ಪ್ರಮಾಣ ಮಾಡಿ ಹೇಳ್ತೀನಿ, ತಡಿ.” ಅವತ್ತು ಹಿಡಿದ ನೆಗಡಿ ಎದೆಗಿಳಿಯಿತು, ಮತ್ತೆ ಏಳಲಿಲ್ಲ. ಅವನ ಬದಲು ನಾನೇ ಸಾಕ್ಷಿ ಹೇಳುತ್ತೇನೆಂದೆ. ಕಮಿಷನರ್ ಒಪ್ಪಲಿಲ್ಲ. “ನೀವು ಹಕ್ಕು ಕೇಳೋರಮ್ಮ, ನಿಮ್ಮ ಮಾತೊಂದೇ ಸಾಲಲ್ಲ.”

ಲ್ಯಾಂಟಿ, ಆ ಹಳ್ಳ ಇರುವಲ್ಲಿ ನಾವು ಕೂತು ಮಟನ್ ಪೈ ತಿಂದಿದ್ದೇವೆ. ಮದುವೆಯ ವರ್ಷ ಊರಿನ ಕೆಲವು ಗಂಡಸರ ಜೊತೆ ಗಡಿ ಸುತ್ತಿದಾಗ. ಜೋಬ್ ಹೋದಮೇಲೆ ಅವರಲ್ಲಿ ಯಾರೂ ಉಳಿದಿಲ್ಲ, ನಾವಿಬ್ಬರನ್ನು ಬಿಟ್ಟು. ನನ್ನ ಹೊಸ ಹಸಿರು ಲಂಗಕ್ಕೆ ಒಂದು ಹನಿ ಕೆಸರೂ ತಾಗಲಿಲ್ಲ. ಜೋಬ್ ಶಾಸ್ತ್ರದಂತೆ ಕಲ್ಲಿನ ಮೇಲೆ ಹೂಜಿ ನೀರು ಸುರಿದ. ಅರ್ಧ ಈಚೆ ಬಂತು, ಅರ್ಧ ಆಚೆ ಹೋಯಿತು. ಹೊಸಬರಿಗೆ ಗಡಿ ನೆನಪಿರಲೆಂದು ನಾಲ್ವರು ನಿನ್ನನ್ನು ಕಾಲು ಹಿಡಿದು ತಲೆಕೆಳಗೆ ಎತ್ತಿ ಕಲ್ಲಿಗೆ ಮೂರು ಸಲ ಕುಟ್ಟಿದರು.

“ಈಗ ಹೇಳೋ ಪೇಟೆಯವನೇ, ನೀರು ಎಲ್ಲಿ ಒಡೀತು?”

“ಇಲ್ಲೇ, ಇಲ್ಲೇ! ಬಿಡ್ರಪ್ಪಾ, ಸಾಯೋತನಕ ಮರೆಯಲ್ಲ!”

ನಕ್ಕು ನಕ್ಕು ನನಗೆ ಹೊಟ್ಟೆನೋವು ಬಂದಿತ್ತು. ನಿನ್ನ ತಲೆಯ ಬುಗುಟಿಗೆ ರಾತ್ರಿ ಬೆಣ್ಣೆ ಹಚ್ಚಿದವಳು ನಾನೇ. ಮರುವರ್ಷ ಎಸ್ಟೇಟಿನವರು ಜೌಗು ಒಣಗಿಸಲು ಆ ಕಾಲುವೆ ಕಡಿದರು. ಈಗ ಅದರ ಮೇಲೆ ಪಾಚಿ, ಹೀದರ್ ಪೊದೆ ಬೆಳೆದು ದೇವರೇ ಮಾಡಿದ ಹಳ್ಳದ ಹಾಗೆ ಕಾಣುತ್ತದೆ. ನೋಡದವನು ನೀಲಿ ಗೀಟು ಎಳೆದಿದ್ದರೆ ಕ್ಷಮಿಸಬಹುದಿತ್ತು. ನೀನು ನೋಡಿದ್ದೆ.

ಅವರ ಸಂಬಳ, ಪೇಟೆಯ ಕೋಣೆ, ನಿನಗೂ ಬದುಕು ಬೇಕು, ಎಲ್ಲ ಗೊತ್ತು. ಬಾಯಿಬಿಟ್ಟರೆ ಆ ಊರಲ್ಲಿ ಇನ್ನು ಯಾರೂ ನಿನಗೆ ನಕ್ಷೆಯ ಕೆಲಸ ಕೊಡುವುದಿಲ್ಲ, ಅದೂ ಗೊತ್ತು. ಆದರೂ ಕೇಳು. ಕಮಿಷನರ್ ಕಿವಿಗೆ ನಾನು ಒಂದೇ ಮಾತು ಹಾಕಿದರೆ ಸಾಕು: ‘ನಕ್ಷೆ ಬರೆದವನನ್ನೇ ಕೇಳಿ, ಬೂದುಗಲ್ಲಿಗೆ ಅವನ ತಲೆ ಕುಟ್ಟಿದ್ದು ಯಾಕೆಂದು.’ ಪ್ರಮಾಣ ಮಾಡಿಸಿ ಕೇಳುತ್ತಾರೆ. ಸ್ಕೇಫ್ ಎದುರಿಗೆ ನೀನು ಬೆವರುವುದನ್ನು ಮುಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ. ಹೇಳಿಯೇ ತೀರುತ್ತೇನೆ. ನನಗೆ ಗಂಡನಿಗಿಂತ ಗುಡ್ಡ ದೊಡ್ಡದು ಎಂದು ಹೋಗುವಾಗ ನೀನೇ ಅಂದೆಯಲ್ಲ, ಹಾಗೇ ಇರಲಿ.

ಹುಡುಗರು ಇವತ್ತಿನ ಬೆಂಕಿಹಬ್ಬಕ್ಕೆ ಕೊಟ್ಟಿಗೆಯ ಹಿಂದೆ ಸೌದೆ ಒಟ್ಟಿದ್ದಾರೆ. ನಿನ್ನ ಬೂಟನ್ನೂ ಅದಕ್ಕೇ ಹಾಕೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ಭಯವಾಗುತ್ತಿದೆ ಲ್ಯಾಂಟಿ. ಬೆಳಿಗ್ಗೆ ಮಂದೆಯನ್ನು ನೋಡಲು ಹತ್ತಿದವಳು ಅಲ್ಲೇ ಕೂತು ಅತ್ತುಬಿಟ್ಟೆ.

ಇನ್ನೂ ನಿನ್ನ ಮನೆತನದ ಹೆಸರನ್ನೇ ಬರೆಯುತ್ತಿರುವ,
ಮಾರ್ಗೆಟ್

ತಾ.ಕ.: ಕಾಗದ ಮಡಿಸುವ ಹೊತ್ತಿಗೆ ಕಮಿಷನರ್ ಅವರ ಗುಮಾಸ್ತ ಬಂದ. ಅವತ್ತು ಗಡಿ ಸುತ್ತಿದವರಲ್ಲಿ ನನ್ನನ್ನು ಬಿಟ್ಟು ಇನ್ಯಾರಾದರೂ ಬದುಕಿದ್ದಾರೆಯೇ ಎಂದು ಕೇಳಿದ. ನಿನ್ನ ಹೆಸರು ನಾಲಗೆಯ ತುದಿಯವರೆಗೆ ಬಂದಿತ್ತು. ಅಟ್ಟಿದ ಕುರಿಯ ಬಗ್ಗೆ ಅಪ್ಪ ಹೇಳುತ್ತಿದ್ದ ಮಾತು ನೆನಪಾಗಿ, ಯಾರೂ ಇಲ್ಲ ಎಂದುಬಿಟ್ಟೆ. ಅವನು ಹಾಗೆಯೇ ಬರೆದುಕೊಂಡು ಹೋದ. ಗುರುವಾರ ಆ ದಿನದ ಬಗ್ಗೆ ನಿನ್ನನ್ನು ಯಾರೂ ಕೇಳುವುದಿಲ್ಲ.