ಗಂಗಣ್ಣನ ಬಸ್ಸಿನ ಸರಿಯುವ ಕೋಣೆ

ಶಿರಾ ಗೇಟ್, ತುಮಕೂರು
12-12-1999, ಭಾನುವಾರ

ಪ್ರೀತಿಯ ತಮ್ಮ ಉದಯನಿಗೆ,

ಹೇಗಿದ್ದೀಯಪ್ಪ? ಹೊಸದುರ್ಗದ ನೀರು ಚಿಕ್ಕವನಿದ್ದಾಗಲೇ ನಿನಗೆ ಒಗ್ಗುತ್ತಿರಲಿಲ್ಲ, ಹೋದ ಮಾರನೆಯ ದಿನವೇ ಗಂಟಲು ಕಟ್ಟುತ್ತಿತ್ತು. ಕಾಯಿಸಿ ಕುಡಿ. ರುದ್ರಯ್ಯ ಮಾವನ ಎದುರುಮನೆಗೆ ಎರಡು ಸಲ ಫೋನ್ ಮಾಡಿದೆ. "ಹಿತ್ತಲಲ್ಲವ್ನೆ, ಕರುದ್ರೆ ಬರಲ್ಲ ಅಂತಾನೆ" ಎಂದರು. ಫೋನಿಗೆ ಹೆದರುವವನು ಕಾಗದಕ್ಕಾದರೂ ಹೆದರಲಾರ ಎಂದುಕೊಂಡು ಬರೆಯುತ್ತಿದ್ದೇನೆ. ಕಾಗದದಲ್ಲಿ ನನ್ನ ದನಿ ಏರುವುದಿಲ್ಲ, ಅದೊಂದು ಲಾಭ.

ಮೊದಲು ಈ ಬಸ್ಸಿನ ವ್ಯವಹಾರದಲ್ಲಿ ಹೋದದ್ದೆಷ್ಟು ಎಂದು ಕೂಡಿಬಿಡುತ್ತೇನೆ. ಮೊತ್ತ ಗೊತ್ತಾಗದೆ ನನಗೆ ಮಾತು ಹೊರಡುವುದಿಲ್ಲವೆಂದು ನಿನಗೆ ಗೊತ್ತಲ್ಲ. ಗಂಗಣ್ಣನ ತಂದೆ ಕರಿಸಿದ್ದಪ್ಪನವರ ಎಡಗಾಲಿನ ಮೂಳೆ. ನನ್ನ ಹೆಬ್ಬೆರಳಿನ ಉಗುರು. ಒಂದು ಡ್ರಮ್ಮು ಎಣ್ಣೆ, ಎಣ್ಣೆ ತಡೆಯುವ ರಬ್ಬರು ಸೀಲು ಎರಡು ಜೊತೆ. ಗುಬ್ಬಿಯಲ್ಲಿ ನಮ್ಮ ಶೆಡ್ಡಿಗಿದ್ದ ಹೆಸರು. ಆಮೇಲೆ ನೀನು. ಇದರಲ್ಲಿ ಮೂಳೆ ಕೂಡಿಕೊಳ್ಳುತ್ತಿದೆ, ಉಗುರು ಬರುತ್ತದೆ. ನೀನು ಹೆದರಿ ಕಾಗದ ಮಡಿಚಿಡುವ ಮೊದಲೇ ಹೇಳುತ್ತೇನೆ: ಮುದುಕರು ಬದುಕಿದ್ದಾರೆ. ಕುಣಿಗಲ್ ಆಸ್ಪತ್ರೆಯಿಂದ ಮನೆಗೆ ಬಂದು, ಕಾಲಿಗೆ ಪಟ್ಟಿ ಸುತ್ತಿಕೊಂಡು, ಸೊಸೆಯನ್ನು ಬೈದುಕೊಂಡು ಚೆನ್ನಾಗಿಯೇ ಇದ್ದಾರೆ. ನೋಡಲು ಹೋದಾಗ ನನ್ನ ಕೈ ಹಿಡಿದು "ನಿನ್ ತಮ್ಮ ಕಟ್ಟಿದ ಮನೆ ನನ್ನ ತಬ್ಕೊಂಡ್ಬುಡ್ತು ಕಣಯ್ಯ, ನನ್ ಹೆಂಡ್ತಿನೂ ಹಂಗೆ ತಬ್ಕೊಂಡಿರ್ಲಿಲ್ಲ" ಎಂದರು. ಮಗ್ಗುಲಲ್ಲಿದ್ದ ಗಂಗಣ್ಣ ಮಾತ್ರ ನಗಲಿಲ್ಲ.

ನಾವು ಟಿಪ್ಪರ್ ಲಾರಿಗಳ ಜಾಕು ರಿಪೇರಿ ಮಾಡಿಕೊಂಡು ತಣ್ಣಗಿದ್ದವರು. ಗುಬ್ಬಿಯಿಂದ ಗಂಗಣ್ಣ ಹಳೆಯ ಬಸ್ಸೊಂದನ್ನು ತಂದು ನಿಲ್ಲಿಸಿ, ಫಾರಿನ್ನಿನ ಚಿತ್ರ ತೋರಿಸಿ, ಹಾಸಿಗೆ ಹಿಡಿದ ಅಪ್ಪನನ್ನು ಮಲಗಿಸಿಕೊಂಡೇ ಊರೂರು ಸುತ್ತಿಸಬೇಕು, ಬಸ್ಸು ನಿಂತ ಕಡೆ ಪಕ್ಕದ ಗೋಡೆ ಕೋಣೆಯಾಗಿ ಹೊರಕ್ಕೆ ಬರಬೇಕು ಎಂದಾಗ, ಬೇಡ ಎನ್ನಬೇಕಾದವನು ನಾನು. ಟಿಪ್ಪರಿನ ತೊಟ್ಟಿ ಮೇಲಕ್ಕೆ ಎತ್ತುವ ಸಿಲಿಂಡರು ಕೋಣೆಯನ್ನು ಪಕ್ಕಕ್ಕೆ ತಳ್ಳಲಾರದೇ ಎಂದು ನೀನು ಕಣ್ಣರಳಿಸಿದೆ. ತಳ್ಳಿತು. ಶೆಡ್ಡಿನಲ್ಲಿ ಹತ್ತು ಸಲ ತಳ್ಳಿ ಎಳೆದು ನೋಡಿದೆವು. ಮಾರ್ಕೋನಹಳ್ಳಿ ಡ್ಯಾಮಿನ ಏರಿಯ ಹತ್ತಿರ, ಓರೆಯಾದ ಜಾಗದಲ್ಲಿ ಬಸ್ಸು ನಿಂತಾಗ ಏನಾಯಿತೆಂದು ಜೊತೆಗೆ ಹೋಗಿದ್ದ ನಿನಗೇ ಗೊತ್ತು. ಮುದುಕರು ಊಟ ಮಾಡಿ ಕಣ್ಣು ಮುಚ್ಚಿದ್ದಾರೆ, ಗಂಗಣ್ಣ ನೀರು ನೋಡುತ್ತಿದ್ದಾನೆ, ಯಾರೂ ಗುಂಡಿ ಒತ್ತಿಲ್ಲ, ಕೋಣೆ ಸದ್ದಿಲ್ಲದೆ ಒಳಕ್ಕೆ ಸರಿಯುತ್ತಿದೆ. ಮಂಚಕ್ಕೂ ಅಡುಗೆ ಕಟ್ಟೆಗೂ ನಡುವೆ ಕಾಲು ಸಿಕ್ಕಿಕೊಂಡು ಅವರು ಕೂಗಿದಾಗ ಪಂಪು ಹಾಕಿ ಕೋಣೆಯನ್ನು ಹೊರಕ್ಕೆ ತಳ್ಳಿದವನು ನೀನೇ ಎಂದು ಮುದುಕರೇ ಹೇಳಿದರು. ಓಡಿಹೋದದ್ದು ಆಮೇಲೆ. ಗಂಗಣ್ಣ ಮೊದಲನೆಯದನ್ನು ಯಾರಿಗೂ ಹೇಳಲಿಲ್ಲ. ಎರಡನೆಯದನ್ನು ಗುಬ್ಬಿಗೆಲ್ಲ ಹೇಳಿದ. "ಸೀಲು ಉಲ್ಟಾ ಹಾಕವ್ನೆ, ಸಿಕ್ಲಿ, ಕೈ ಮುರಿತೀನಿ" ಎಂದ.

ಬಸ್ಸನ್ನು ಶೆಡ್ಡಿಗೆ ಎಳೆಸಿಕೊಂಡು ಬಂದೆ. ಕೋಣೆಗೂ ಚೌಕಟ್ಟಿಗೂ ನಡುವೆ ಮರದ ದಿಮ್ಮಿ ಕೊಟ್ಟು ಕೆಳಗೆ ತೂರಿಕೊಂಡೆ. ದಿಮ್ಮಿ ಇದ್ದರೂ ಬೆನ್ನಿನ ಮೇಲೆ ಆ ಕೋಣೆಯ ತೂಕ ಕೂತಂತೆಯೇ ಇತ್ತು. ಹೆಬ್ಬೆರಳು ಜಜ್ಜಿಕೊಂಡು ಸಿಲಿಂಡರು ಬಿಚ್ಚಿದೆ. ಉದಯ, ಕೇಳು, ಸೀಲಿನ ತುಟಿ ಸರಿಯಾದ ದಿಕ್ಕಿಗೇ ಇತ್ತು. ನೀನು ಹಾಕಿದ್ದು ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಎಲ್ಲಿ? ಗಾಳಿ ಸೇರಿರಬಹುದೆಂದು ಗಾಳಿ ತೆಗೆದೆ. ಪೈಪು ಒರೆಸಿ ನೋಡಿದೆ, ಹನಿಯೂ ಇಲ್ಲ. ಉಳಿದದ್ದು ಲಾಕ್ ವಾಲ್ವು. ಕೋಣೆ ಹೊರಗೆ ಬಂದ ಮೇಲೆ ಎಣ್ಣೆ ವಾಪಸು ಹೋಗದಂತೆ ಬಾಗಿಲು ಹಾಕಿಕೊಳ್ಳಬೇಕಾದದ್ದು ಅದೇ. ಬಿಚ್ಚಿದರೆ, ದಾರಿ ಮುಚ್ಚುವ ಉಕ್ಕಿನ ಗುಂಡು ಕೂರುವ ಜಾಗದಲ್ಲಿ ಬೂದು ಬಣ್ಣದ ಕೆಸರು. ಬಾಗಿಲ ಸಂದಿಗೆ ಕಲ್ಲು ಸಿಕ್ಕಿದರೆ ಹೇಗೋ ಹಾಗೆ, ಕೂದಲೆಳೆಯಷ್ಟು ತೆರೆದೇ ಇದೆ. ಅಷ್ಟು ಸಾಕು, ಎಣ್ಣೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ, ಕೋಣೆ ಮೆಲ್ಲಗೆ ಒಳಕ್ಕೆ ಬರುತ್ತದೆ.

ರಸ್ತೆ ಧೂಳು ಎಂದುಕೊಂಡೆ. ಶಿರಾ ಗೇಟಿನಲ್ಲಿ ಧೂಳಿಗೆ ಬರವೇ? ತೊಳೆದು, ಹೊಸ ಎಣ್ಣೆ ತುಂಬಿ, ಹೊಸ ಸೀಲು ಹಾಕಿ, ದಿನಕ್ಕೊಂದು ಸಲ ಕೋಣೆಯನ್ನು ಒಳಗೆಳೆದು ಹೊರಗೆ ಬಿಟ್ಟು ನಿಲ್ಲಿಸಿದೆ. ಎರಡು ದಿನ ಅಲ್ಲಾಡಲಿಲ್ಲ. ಮೂರನೆಯ ದಿನ ನೆಲದ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆಯನ್ನು ಕೋಣೆ ದಾಟಿ ಒಳಕ್ಕೆ ಬಂದಿತ್ತು. ಅವತ್ತು ನನಗೆ ಹೆದರಿಕೆ ಶುರುವಾಯಿತು ನೋಡು. ಕಾರಣ ಗೊತ್ತಿರುವ ಕೇಡಿಗೆ ನಾನು ಹೆದರುವವನಲ್ಲ. ಇದು ಯಾರೋ ಕಣ್ಣಿಗೆ ಕಾಣದವರು ಬಂದು ಮಾಡಿಹೋದ ಹಾಗಿತ್ತು. ಊಟದ ತಟ್ಟೆಯ ಮುಂದೆ ಕೂತಾಗಲೂ ಕೋಣೆ ಸರಿಯುತ್ತಿರಬಹುದೇ ಎಂದು ಎದ್ದು ಹೋಗಿ ನೋಡಿಬರುತ್ತಿದ್ದೆ. ಮತ್ತೆ ಎಲ್ಲ ಬಿಚ್ಚಿದೆ, ಮತ್ತೆ ಅದೇ ಬೂದು ಕೆಸರು. ಮತ್ತೆ ತೊಳೆದು ತುಂಬಿದೆ.

ಮೊನ್ನೆ ಶುಕ್ರವಾರ ಗಂಗಣ್ಣ ಬಂದ. ಒಂದು ಕಡೆಯ ಚಕ್ರಗಳಿಗೆ ಹಲಗೆ ಕೊಡಿಸಿ, ಡ್ಯಾಮಿನ ಹತ್ತಿರ ಇದ್ದಂತೆಯೇ ಬಸ್ಸನ್ನು ಓರೆ ಮಾಡಿಸಿದ. ಕೋಣೆ ಹೊರಗೇ ಇತ್ತು. "ರಿಪೇರಿ ಆಗೈತೆ ಅಂತೀಯಲ್ಲ ಚನ್ನಬಸವಯ್ಯ, ಒಂದ್ ಸಲ ಒಳಕ್ಕೆಳ್ದು ಹೊರಕ್ ಬಿಡು. ಆಮೇಲೆ ನಮ್ಮಪ್ಪ ಮಲ್ಗಿದ್ ಜಾಗ್ದಲ್ಲಿ ನಿಮ್ಮವ್ವನ್ನ ಮಲ್ಗುಸು, ನೋಡನ" ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಮನೆಯೊಳಗಿಂದ ಸೆರಗು ಸಿಕ್ಕಿಸಿಕೊಂಡು ಬಂದಳು. "ಅದಕ್ಕೇನಂತೆ ಗಂಗಣ್ಣ, ನನ್ ಮಗ ಕಟ್ಟಿದ್ರಲ್ಲಿ ನಾನ್ ಮಲಗ್ದೆ ಇನ್ಯಾರ್ ಮಲಗ್ತಾರೆ" ಎಂದಳು. ಬಂದವಳೇ ಬಗ್ಗಿ, ಹೊರಗೆ ಚಾಚಿಕೊಂಡು ಹೊಳೆಯುತ್ತಿದ್ದ ಸಿಲಿಂಡರಿನ ದಂಡಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕೈಮುಗಿದಳು.

ಉದಯ, ಆ ಬೂದು ಕೆಸರು ಏನೆಂದು ನನಗೆ ಆಗ ಹೊಳೆಯಿತು. ನಾವು ಕಟ್ಟಿದ ಗಾಡಿಗೆಲ್ಲ ಅಮ್ಮ ವಿಭೂತಿ ಇಡುತ್ತಾಳೆ, ಟಿಪ್ಪರುಗಳಿಗೆ ಮೂತಿಯ ಮೇಲೆ ಇಡುತ್ತಿದ್ದಳು. ಇದರಲ್ಲಿ ನೀನು ಕಟ್ಟಿದ ಭಾಗ ಆ ದಂಡವೆಂದು ಅದಕ್ಕೇ ಇಟ್ಟಿದ್ದಾಳೆ. ಮಾರ್ಕೋನಹಳ್ಳಿಗೆ ಹೊರಟ ದಿನವೂ. ನಾನು ಶೆಡ್ಡಿನ ಬಾಗಿಲು ತೆಗೆಯುವ ಮೊದಲು, ಬೆಳಗಿನ ಪೂಜೆ ಮುಗಿಸಿ ಬಂದು, ದಿನವೂ. ಕೋಣೆ ಒಳಗೆ ಹೋದಾಗ ದಂಡವೂ ಸಿಲಿಂಡರಿನೊಳಕ್ಕೆ ಹೋಗುತ್ತದೆ, ಬೂದಿಯನ್ನೂ ಕರೆದುಕೊಂಡು. ಸೀಲನ್ನು ಸವೆಸಿ, ಎಣ್ಣೆಯಲ್ಲಿ ಬೆರೆತು, ಎಣ್ಣೆ ಸೋಸುವ ಜಾಲರಿಗೂ ಸಿಗದಷ್ಟು ನಯವಾಗಿ ಸುತ್ತಾಡಿ, ಕೊನೆಗೆ ವಾಲ್ವಿನಲ್ಲಿ ಹೋಗಿ ಕೂರುತ್ತದೆ.

ಎಣ್ಣೆ ಒರೆಸುವವನ ಹಾಗೆ ಬಟ್ಟೆ ತೆಗೆದುಕೊಂಡು ದಂಡ ಒರೆಸಿದೆ. "ದೇವ್ರ್ ಭಸ್ಮ ಒರುಸ್ತೀಯೇನ್ಲಾ" ಎಂದಳು. ಎಣ್ಣೆ ಜಾರುತ್ತದಮ್ಮಾ ಎಂದೆ. ಆದರೆ ಅವತ್ತು ಬೆಳಿಗ್ಗೆಯೂ ಹಚ್ಚಿದ್ದಾಳೋ? ಹಚ್ಚಿದ್ದರೆ, ಆಮೇಲೆ ನಾನೇ ಕೋಣೆಯನ್ನು ಎರಡು ಸಲ ಒಳಗೆಳೆದಿದ್ದೆ. ಗಂಗಣ್ಣನ ಎದುರು ಕೇಳುವಂತಿಲ್ಲ, ಬೇಡವೆಂದು ನಿಲ್ಲಿಸಿದರೆ ನಿನ್ನ ಹೆಸರು ಜನ್ಮಕ್ಕೂ ತೊಳೆಯುವಂತಿಲ್ಲ. ಒಳಕ್ಕೆಳೆದೆ, ಹೊರಕ್ಕೆ ಬಿಟ್ಟೆ. ಅಮ್ಮ ಹತ್ತಿ ಮಂಚದ ಮೇಲೆ ಕಾಲು ಚಾಚಿದಳು. ನಾನು ಸೀಮೆಸುಣ್ಣದ ಗೆರೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ, ಒಂದು ಕೈ ಪಂಪಿನ ಗುಂಡಿಯ ಮೇಲೆ. ಗಂಗಣ್ಣ ಬೀಡಿಯ ಮೇಲೆ ಬೀಡಿ ಹಚ್ಚಿದ. ಒಳಗಿಂದ ಅಮ್ಮ ಗುಬ್ಬಿಯಲ್ಲಿ ಅವರೇಕಾಯಿ ಸೊಗಡು ಹೇಗಿದೆ ಎಂದು ಅವನನ್ನು ವಿಚಾರಿಸುತ್ತಿದ್ದಳು. ಅವಳ ದನಿ ನಿಂತಾಗಲೆಲ್ಲ ನಾನು ಗೆರೆಯ ಹತ್ತಿರಕ್ಕೆ ಬಗ್ಗುತ್ತಿದ್ದೆ. ಒಂದು ಸಲ ಗೆರೆ ಸರಿದಂತೆ ಕಂಡು ಗುಂಡಿ ಒತ್ತಿಯೇ ಬಿಡುತ್ತಿದ್ದೆ, ಸರಿದದ್ದು ಗಂಗಣ್ಣನ ನೆರಳು. ಬಿಸಿಲು ಶೆಡ್ಡಿನ ಬಾಗಿಲು ದಾಟುವವರೆಗೆ ಹಾಗೇ ಕೂತಿದ್ದೆವು. ಕೋಣೆ ಅಲ್ಲಾಡಲಿಲ್ಲ.

ಗಂಗಣ್ಣ ಬೀಡಿ ಎಸೆದು "ನಿನ್ ತಮ್ಮನ್ನ ಬರೇಳು, ಏನೂ ಮಾಡಲ್ಲ" ಎಂದ. ಎಣ್ಣೆಗೆ ಹೊರಗಿನ ಪುಡಿ ಸೇರಿತ್ತು ಎಂದು ಕಾರಣ ಹೇಳಿದೆ. ಸುಳ್ಳಲ್ಲ. ಯಾವ ಪುಡಿ ಎಂದು ಅವನು ಕೇಳಲಿಲ್ಲ. ಇನ್ನು ಮೇಲೆ ಎಣ್ಣೆಯನ್ನು ನಂಬುವುದೇ ಬೇಡವೆಂದು, ಕೋಣೆ ಹೊರಗೆ ಬಂದ ಮೇಲೆ ಎರಡೂ ಕಡೆ ಕಬ್ಬಿಣದ ಗೂಟ ಜಡಿಯುವಂತೆ ಮಾಡಿದ್ದೇನೆ. ದಂಡಕ್ಕೆ ರಬ್ಬರಿನ ಚೀಲವನ್ನೂ ತೊಡಿಸಿದ್ದೇನೆ. ಬಂದು ನೋಡಿ ತಪ್ಪಿದ್ದರೆ ಹೇಳು.

ಮಾವನಿಗೆ, ಅತ್ತೆಗೆ ನನ್ನ ಶರಣು ತಿಳಿಸು. ಹೊಟ್ಟೆ ತುಂಬ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಚನ್ನಬಸವಯ್ಯ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ಗಂಗಣ್ಣ ಹೋದ ಮೇಲೆ, ತಡೆಯಲಾರದೆ, ಬೆಳಿಗ್ಗೆಯೂ ಹಚ್ಚಿದ್ದೆಯಾ ಅಮ್ಮಾ ಎಂದು ಕೇಳಿಬಿಟ್ಟೆ. "ಇಲ್ಲ ಕಣೋ, ಕಾಯಿ ಬಿಡುಸ್ತಾ ಕುಂತು ಮರ್ತೆ" ಎಂದವಳು, ನನ್ನ ಮುಖ ನೋಡಿದಳು, ಕೈಲಿದ್ದ ಬಟ್ಟೆ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು. ಅವತ್ತಿನಿಂದ ಅವಳ ಹಣೆ ಬರಿದಾಗಿದೆ. ಲಿಂಗಪೂಜೆ ಮಾಡುತ್ತಾಳೆ, ಭಸ್ಮದ ಗಟ್ಟಿ ಮುಟ್ಟುವುದಿಲ್ಲ. ಎರಡು ದಿನದಿಂದ ಮಜ್ಜಿಗೆ ಬಿಟ್ಟು ಏನೂ ಗಂಟಲಿಗೆ ಇಳಿಸಿಲ್ಲ. "ಮಗನ್ನೂ ಓಡುಸ್ದೆ, ಮುದುಕನ್ ಕಾಲೂ ಮುರುದೆ" ಎಂದು ಗೋಡೆಗೆ ಹೇಳುತ್ತಾಳೆ. ಎಷ್ಟು ಹೇಳಿದರೂ ನನ್ನ ಮಾತು ಅವಳಿಗೆ ತಾಗುತ್ತಿಲ್ಲ. ನನಗೆ ಕೋಣೆಯ ಮುಂದೆ ಕೂತಾಗಲೂ ಇಷ್ಟು ಹೆದರಿಕೆಯಾಗಿರಲಿಲ್ಲ. ಕಾಗದ ಕೈಗೆ ಸಿಕ್ಕ ತಕ್ಷಣ ಯಾವ ಬಸ್ಸು ಸಿಕ್ಕಿದರೂ ಹತ್ತು. ಬಂದು ಅವಳ ಮುಂದೆ ಹಣೆ ಒಡ್ಡಿ, ಹಚ್ಚಮ್ಮಾ ಎನ್ನು. ನೀನು ಕೇಳಿದರೆ ಹಚ್ಚುತ್ತಾಳೆ.

ಲೆಕ್ಕ ಮುಗಿಸುತ್ತೇನೆ. ಗಂಗಣ್ಣನಿಗೆ ಬಸ್ಸು ಸಿಕ್ಕಿತು. ಕರಿಸಿದ್ದಪ್ಪನವರಿಗೆ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತು. ನನಗೆ ಹೋದ ಹೆಸರು, ನಿನಗೆ ಊರು. ಅಮ್ಮನಿಗೆ ಇನ್ನೂ ಏನೂ ಸಿಕ್ಕಿಲ್ಲ.