ಜಾರಿದ ಪದರಗಳು

ಯಮುನಕ್ಕಾ,

ನೀನು ತೀರಿಕೊಂಡ ಮೇಲೆ ಈ ಮನೆಗೆ ಎರಡನೆಯವಳಾಗಿ ಬಂದ ನಾನು, ಇವತ್ತು ಶಿರಸಿ ಪೇಟೆಯಿಂದ ಚೈನಾಗ್ರಾಸ್ ತರಿಸಿ ನಿನ್ನ ಮಕ್ಕಳಿಗೆ ಜೆಲ್ಲಿ ಮಾಡಿದೆ. ಕೆಂಪು, ಹಳದಿ, ಹಸಿರು. ನಡುನಡುವೆ ಅನಾನಸು, ದಾಳಿಂಬೆ. ನಿನ್ನ ಅಡುಗೆ ಪುಸ್ತಕ ಕಪಾಟಿನಲ್ಲೇ ಇತ್ತು. ಹಟಕ್ಕೆ ತೆರೆಯಲಿಲ್ಲ. ಒಂದೊಂದು ಪದರವನ್ನೂ ಫ್ರಿಜ್ಜಿನಲ್ಲಿಟ್ಟು, ಪೂರ್ತಿ ಗಟ್ಟಿಯಾದ ಮೇಲೆಯೇ ಮುಂದಿನದನ್ನು ಹೊಯ್ದೆ. ತಟ್ಟೆಗೆ ಮಗುಚಿದರೆ ಮೂರೂ ಬೇರೆಬೇರೆಯಾಗಿ ಜಾರಿದವು.

“ಚಿಕ್ಕಿ, ಆಯಿ ಮಾಡಿದ್ದು ಹಿಂಗೆ ಜಾರ್ತಿತ್ತಿಲ್ಲೆ,” ಎಂದಳು ನಿನ್ನ ಮಗಳು ಸಮೃದ್ಧಿ, ನಿನ್ನ ಜೆಲ್ಲಿ ನೆನೆದು. ನನ್ನ ಮುಖ ನೋಡಿ, “ಅಡ್ಡಿಲ್ಲೆ, ರುಚಿ ಇದ್ದು,” ಎಂದೂ ಸೇರಿಸಿದಳು. ಆ ಕನಿಕರವೂ ನೀನು ಕಲಿಸಿದ್ದೇ ಇರಬೇಕು.

ಕೊನೆಗೂ ಪುಸ್ತಕ ತೆರೆದೆ. ‘ಕೆಳಗಿನದು ತುಸು ಗಟ್ಟಿಯಾಗಿ, ಇನ್ನೂ ಬೆಚ್ಚಗಿರುವಾಗಲೇ ಮೇಲಿನದನ್ನು ಹೊಯ್ಯಬೇಕು’ ಎಂದು ಬರೆದಿದ್ದೀಯ. ನಾಳೆ ಹಾಗೇ ಮಾಡುತ್ತೇನೆ. ಚೆನ್ನಾಗಿ ಕೂಡಿಕೊಂಡರೆ, ಹೆಸರು ಮತ್ತೆ ನಿನಗೇ.